ಸಹಾಯ ಬೇಕು: ಹಳೇ ಮಾರುತಿ 800, ಗಾಡಿ ನೇರ ಹೋದರೂ ಸ್ಟೀರಿಂಗ್ ಎಡಕ್ಕೆ ವಾಲಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು 2004ರ ಮಾರುತಿ 800. ಅಪ್ಪನ ಗಾಡಿ, ಮಾರುವ ಮನಸ್ಸಿಲ್ಲ. ಟೈ ರಾಡ್ (ಸ್ಟೀರಿಂಗ್ ತಿರುವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಕಂಬಿ) ಎಂಡ್ ಬದಲಾಯಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಸ್ಟೀರಿಂಗ್ ಎಡಕ್ಕೆ ವಾಲಿ ನಿಂತಿದೆ. ಗಾಡಿ ಮಾತ್ರ ಯಾವ ಕಡೆಗೂ ಎಳೆಯುವುದಿಲ್ಲ. ಟೈರ್ ಗಾಳಿ ಸರಿಯಿದೆ.

ಅಲೈನ್‌ಮೆಂಟ್ ಮಾಡಿದವರು "ಸ್ಟೀರಿಂಗ್ ಬಿಚ್ಚಿ, ಶಾಫ್ಟ್ ಮೇಲೆ ಒಂದೆರಡು ಹಲ್ಲು ತಿರುಗಿಸಿ ಕೂರಿಸೋಣ" ಅಂತಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಚಕ್ರ ನೇರ ಇಟ್ಟು ಸುತ್ತಿ ನೋಡಿದೆ: ಎಡಕ್ಕೆ ಬೇಗ ಲಾಕ್ ಆಗುತ್ತದೆ, ಬಲಕ್ಕೆ ಜಾಸ್ತಿ ಸುತ್ತುತ್ತದೆ. ಕೆಳಗೆ ಬಗ್ಗಿ ನೋಡಿದರೆ ಟೈ ರಾಡ್ ಉದ್ದ ಬಿಗಿಯುವ ಲಾಕ್ ನಟ್ ಪಕ್ಕ ಕಾಣುವ ಥ್ರೆಡ್ ಎರಡೂ ಕಡೆ ಸಮ ಇಲ್ಲ. ಅಂದರೆ ರ‍್ಯಾಕ್ (ಸ್ಟೀರಿಂಗ್ ಸುತ್ತಿದಾಗ ಎಡ-ಬಲ ಸರಿಯುವ ಹಲ್ಲಿನ ಸರಳು) ನಡುವೆ ಇಲ್ಲ ಅಲ್ವಾ? ಹೀಗಿರುವಾಗ ಸ್ಟೀರಿಂಗ್ ಮಾತ್ರ ಕಿತ್ತು ಕೂರಿಸಿದರೆ ನೋಡೋಕೆ ನೇರ ಆಗಬಹುದು, ಆದರೆ ತಿರುವು ಎರಡೂ ಕಡೆ ಸಮ ಬರುವುದಿಲ್ಲ. ಇಂಡಿಕೇಟರ್ ತಾನಾಗಿ ಆಫ್ ಆಗುವುದೂ ಹೆಚ್ಚುಕಡಿಮೆ ಆಗಬಹುದು.

ರ‍್ಯಾಕ್ ನಡುವೆ ತಂದು, ಸ್ಟೀರಿಂಗ್ ಅಲ್ಲಾಡದ ಹಾಗೆ ಹಿಡಿದು, ಒಂದು ಟೈ ರಾಡ್ ಉದ್ದ, ಇನ್ನೊಂದು ಅಷ್ಟೇ ಗಿಡ್ಡ ಮಾಡಿದರೆ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೆಡದೆ ಸರಿಹೋಗಬೇಕು ಅಂದುಕೊಂಡಿದ್ದೇನೆ.

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ. ತುಕ್ಕು ಹಿಡಿದ ಲಾಕ್ ನಟ್ ಥ್ರೆಡ್ ಹಾಳಾಗದಂತೆ ಬಿಚ್ಚೋದು ಹೇಗೆ? ರಾಡ್ ತಿರುಗಿಸುವಾಗ ಅದರ ಮೇಲಿನ ರಬ್ಬರ್ ಬೂಟ್ (ಧೂಳು ತಡೆಯುವ ಹೊದಿಕೆ) ಮುರುಚಿಕೊಳ್ಳದಂತೆ ಅದರ ಕ್ಲಿಪ್ ಮೊದಲೇ ಸಡಿಲಿಸಬೇಕಾ? ರ‍್ಯಾಕ್ ಬುಷ್, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬುಷ್ ಕೂಡ ಮೊದಲೇ ನೋಡಿಸಲಾ? ಹಾಸನದ ಕಡೆ ಹಳೇ 800 ತಾಳ್ಮೆಯಿಂದ ನೋಡುವ ಮೆಕ್ಯಾನಿಕ್ ಗೊತ್ತಿದ್ದರೆ ತಿಳಿಸಿ. ರಾಡ್ ತಿರುಗಿಸಿದ ಮೇಲೆ ಟೋ ಮತ್ತೆ ಚೆಕ್ ಮಾಡಿಸುತ್ತೇನೆ.