ಹೊಸ ಸರ್ವರ್‌ನಾಗ ರೂಟ್ ಲಾಗಿನ್ ಆಗ್ವಲ್ದು, ಏನ್ ಮಾಡ್ಲಿ?

ಪ್ರಶ್ನೆ (ಕಲಬುರಗಿ): ನಮಸ್ಕಾರ ಸರ್. ಗಂಜಿನಾಗ ಒಂದು ತೊಗರಿ ದಾಲ್ ಮಿಲ್ಲಿನ ಬಿಲ್ಲಿಂಗ್ ಕೆಲಸ ನಂದು. ಅದಕ್ಕಂತ ಬಾಡಿಗಿ ಸರ್ವರ್ ತಗೊಂಡೀನಿ, ಓಎಸ್ ಉಬುಂಟು 24.04. ‘ಉಬುಂಟು’ ಯೂಸರ್‌ನಿಂದ ಕೀ (ಪಾಸ್‌ವರ್ಡ್ ಬದಲಿಗೆ ಇರೋ ಗುಪ್ತ ಫೈಲ್) ಹಾಕಿ ಹೋದ್ರ ಸೀದಾ ಒಳಗ ಹೋಗ್ತದ. ಅದೇ ಕೀ ಹಾಕಿ ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಅಂತ ಹೋದ್ರ, ‘ಉಬುಂಟು ಯೂಸರ್‌ನಿಂದ ಲಾಗಿನ್ ಆಗಿ’ ಅನ್ನೋ ಅರ್ಥದ ಇಂಗ್ಲಿಷ್ ಸಾಲು ಬಂದು ಹತ್ತು ಸೆಕೆಂಡಿಗೆ ಕಟ್ಟಾಗ್ತದ. ಅದಕ್ಕ ರೂಟ್‌ಗೆ ಪಾಸ್‌ವರ್ಡ್ ಇಟ್ಟೆ, ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಾಗ (ದೂರದಿಂದ ಲಾಗಿನ್ ಮಾಡಿಸೋ ಎಸ್‌ಎಸ್‌ಎಚ್‌ನ ಸೆಟ್ಟಿಂಗ್ ಫೈಲ್) ಪರ್ಮಿಟ್‌ರೂಟ್‌ಲಾಗಿನ್ ಯೆಸ್ ಅಂತ ಬರದೆ, ರೀಸ್ಟಾರ್ಟ್‌ನೂ ಮಾಡ್ದೆ. ಮನಿ ಲ್ಯಾಪ್‌ಟಾಪಿನಾಗ ಕೀ ಇಲ್ಲ. ಅಲ್ಲಿಂದ ನೋಡಿದ್ರ ಪಾಸ್‌ವರ್ಡ್ ಕೇಳೋದೇ ಇಲ್ಲ, ‘ಪರ್ಮಿಷನ್ ಡಿನೈಡ್ (ಪಬ್ಲಿಕ್‌ಕೀ)’ ಅಂತದ. ಎರಡು ದಿನ ಆಯ್ತ್ರಿ.

ಉತ್ತರ: ನಿಮ್ಮ ಪಾಸ್‌ವರ್ಡ್ ತಪ್ಪಿಲ್ರಿ. ಎರಡು ಬ್ಯಾರೆ ಬ್ಯಾರೆ ಬೀಗ ಬಿದ್ದಾವ, ನೀವು ಒಂದೇ ಅಂತ ತಿಳ್ಕೊಂಡೀರಿ.

ಆ ಕಂಸದಾಗಿನ ಶಬ್ದ ನೋಡ್ರಿ. ಪಬ್ಲಿಕ್‌ಕೀ ಒಂದೇ ಅದ ಅಂದ್ರ ಸರ್ವರ್ ಪಾಸ್‌ವರ್ಡ್ ಯಾರಿಂದನೂ ತಗೊಳ್ಳಂಗಿಲ್ಲ. ಅದರ ಜೋಡಿ ‘ಪಾಸ್‌ವರ್ಡ್’ ಅಂತನೂ ಇದ್ದಿದ್ರ ಮಾತು ಬ್ಯಾರೆ: ಅವಾಗ ಪಾಸ್‌ವರ್ಡ್ ಕೇಳ್ತದ, ಆದ್ರ ಪರ್ಮಿಟ್‌ರೂಟ್‌ಲಾಗಿನ್ ಬಂದ್ ಆಗಿದ್ರ ಸರಿ ಪಾಸ್‌ವರ್ಡ್ ಕೊಟ್ರೂ ತಪ್ಪು ಅಂತನೇ ಹೇಳ್ತದ. ಮಂದಿ ಇಲ್ಲೇ ತಲಿ ಕೆಡಿಸ್ಕೊಂತಾರ, ಪಾಸ್‌ವರ್ಡ್ ಮ್ಯಾಲ ಪಾಸ್‌ವರ್ಡ್ ಬದಲಿಸ್ತಾರ. ನಾನೂ ಒಂದ್ ರಾತ್ರಿ ಅದನ್ನೇ ಮಾಡೀನಿ. 2015ರಾಗ ಬಂದ ಓಪನ್‌ಎಸ್‌ಎಸ್‌ಎಚ್ 7.0ರಿಂದ ರೂಟ್‌ಗೆ ಪಾಸ್‌ವರ್ಡ್ ನಡ್ಯಂಗಿಲ್ಲ, ಕೀ ಅಷ್ಟೇ ನಡಿತದ, ನಾವಾಗಿ ಬದಲಿಸೋ ತನಕ.

ನಿಮ್ಮ ಸರ್ವರಿನಾಗ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಅನ್ನೋ ಫೋಲ್ಡರ್ ತೆಗೀರಿ. 50 ನಂಬರಿನ ಕ್ಲೌಡ್-ಇನಿಟ್ (ಹೊಸ ಸರ್ವರ್ ತಾನಾಗೇ ಸೆಟ್ ಮಾಡೋ ಪ್ರೋಗ್ರಾಮ್) ಫೈಲ್ ಇರಬೇಕು, ಅದರಾಗ ಪಾಸ್‌ವರ್ಡ್‌ಅಥೆಂಟಿಕೇಷನ್ ನೋ ಅಂತ ಇರ್ತದ. ದೊಡ್ಡ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನಾಗ ಇದರ ಬಗ್ಗೆ ನೀವೇನು ಬರದ್ರೂ ಅದಕ್ಕ ಲೆಕ್ಕಿಲ್ಲ. ಯಾಕಂದ್ರ ಈ ಫೋಲ್ಡರ್ ಮೊದಲ ಓದ್ತದ, ಮತ್ತ ಎಸ್‌ಎಸ್‌ಎಚ್‌ನಾಗ ಮೊದಲ ಸಿಕ್ಕ ಬೆಲೆನೇ ಗಟ್ಟಿ. ಕೊನಿಗೆ ಬರದದ್ದು ಗೆಲ್ತದ ಅಂತ ನಾವೆಲ್ಲ ಅನ್ಕೊಂಡಿರ್ತೀವಿ, ಇಲ್ಲಿ ಉಲ್ಟಾ. ಕಡಿಗೆ ಏನು ಲಾಗೂ ಆಗ್ಯದ ಅಂತ ನೋಡ್ಲಿಕ್ಕೆ ಸುಡೊ (ರೂಟ್ ಅಧಿಕಾರದಿಂದ ಕಮಾಂಡ್ ನಡೆಸೋದು) ಎಸ್‌ಎಸ್‌ಎಚ್‌ಡಿ, ಮೈನಸ್, ದೊಡ್ಡ ಟಿ ಹೊಡೀರಿ. ರೀಸ್ಟಾರ್ಟ್‌ಗಿಂತ ಮೊದಲ ಸಣ್ಣ ಟಿ ಹಾಕಿ ತಪ್ಪು ನೋಡ್ರಿ. ಹಳೇ ವಿಂಡೋ ಮಾತ್ರ ಮುಚ್ಚಬ್ಯಾಡ್ರಿ!

ಆ ಹತ್ತು ಸೆಕೆಂಡಿಂದು ಎರಡನೇ ಬೀಗ. ರೂಟ್‌ನ ಆಥರೈಸ್ಡ್‌ಕೀಸ್ (ಒಪ್ಪಿದ ಕೀಗಳ ಪಟ್ಟಿ) ಫೈಲಿನಾಗ ನಿಮ್ಮ ಕೀ ಮುಂದ ಕ್ಲೌಡ್-ಇನಿಟ್ ಒಂದು ಕಮಾಂಡ್ ಅಂಟಿಸಿರ್ತದ. ಕೀ ಒಪ್ಪಿದ ಮ್ಯಾಲ ಆ ಸಾಲು ತೋರಿಸಿ ಹೊರಗ ಹಾಕ್ತದ. ಈಗ ಹೇಳ್ರಿ, ರೂಟ್ ಯಾಕ ಬೇಕಾಗ್ಯದ?

ಪ್ರಶ್ನೆ ಕೇಳಿದವರು: 50ರ ಫೈಲ್ ಅದೇ ಇತ್ತು ಸರ್, ನೀವು ಹೇಳ್ದಂಗನ ನೋ ಅಂತ! ರೂಟ್ ಬೇಕಾದದ್ದು ಫೈಲ್ ಕಳಿಸೋ ಸಾಫ್ಟ್‌ವೇರ್ ವಿನ್‌ಎಸ್‌ಸಿಪಿಗ್ರಿ. ಬಿಲ್ಲಿಂಗ್ ಫೈಲ್ ವೆಬ್ ಫೋಲ್ಡರಿಗೆ ಹಾಕ್ಲಿಕ್ಕೆ ಉಬುಂಟು ಯೂಸರ್‌ಗೆ ಬಿಡವಲ್ದು.

ಉತ್ತರ: ಅಯ್ಯ, ಅಷ್ಟಕ್ಕ ರೂಟ್ ಬ್ಯಾಡ್ರಿ. ಸುಡೊ ಚೌನ್ (ಮಾಲಕನ್ನ ಬದಲಿಸೋ ಕಮಾಂಡ್) ಹಾಕಿ ಆ ಒಂದು ಫೋಲ್ಡರಿನ ಮಾಲಕನ್ನ ಉಬುಂಟು ಮಾಡ್ರಿ. ಪಾಸ್‌ವರ್ಡ್ ಲಾಗಿನ್ ಬಂದ್ ಇದ್ದಂಗೇ ಇರ್ಲಿ. ಮನಿ ಲ್ಯಾಪ್‌ಟಾಪಿನಾಗ ಬ್ಯಾರೆ ಕೀ ಮಾಡಿ, ಅದರ ಪಬ್ಲಿಕ್ ಸಾಲು ಉಬುಂಟು ಯೂಸರ್‌ಗೆ ಸೇರಿಸ್ರಿ. ಸಂಶಯ ಇದ್ರ ಸುಡೊ ಲಾಸ್ಟ್‌ಬಿ ಅಂತ ಹೊಡದು ನೋಡ್ರಿ, ಯಾರ್ಯಾರು ರೂಟ್ ಹೆಸರಿನಾಗ ಬಾಗ್ಲಾ ಬಡೀತಾರ ಅಂತ.

ಇನ್ನೊಬ್ಬರು (ಬೀದರ್): ನಡುವ ಕೇಳ್ತೀನಿ ಸರ್, ನಂದು ಪಾಸ್‌ವರ್ಡ್ ತನಕ ಹೋಗೋದೇ ಇಲ್ಲ, ‘ಟೈಮ್ಡ್ ಔಟ್’ ಅಂತದ.

ಉತ್ತರ: ಅದು ಲಾಗಿನ್ ತಕರಾರಲ್ರಿ. ಹೆಚ್ಚಾಗಿ ಫೈರ್‌ವಾಲ್ ಇಲ್ಲಾ ತಪ್ಪು ಐಪಿ. ಬಾಡಿಗಿ ಕಂಪನಿಯ ಪ್ಯಾನಲ್‌ನಾಗ 22 ಪೋರ್ಟ್ ತೆಗದದೋ ನೋಡ್ರಿ. ‘ರಿಫ್ಯೂಸ್ಡ್’ ಅಂದಿದ್ರ ಎಸ್‌ಎಸ್‌ಎಚ್ ನಡೆದಿಲ್ಲ ಅಂತಿದ್ದೆ.

ಪ್ರಶ್ನೆ ಕೇಳಿದವರು: ಚೌನ್ ಮಾಡ್ದೆ ಸರ್, ಫೈಲ್ ಹೋದ್ವು. ಲಾಸ್ಟ್‌ಬಿ ನೋಡ್ದೆ... ಪರ್ಮಿಟ್‌ರೂಟ್‌ಲಾಗಿನ್ ಮತ್ತ ನೋ ಮಾಡೀನ್ರಿ.