‘ಕ್ರಿಮೇಟ್’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಲಿ?

ಗೆಳೆಯರೇ, ‘ಹೆಣ ಸುಡು’ ಅನ್ನೋ ಅರ್ಥದ ಈ ಒಂದು ಇಂಗ್ಲಿಷ್ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

1998ರ ನವೆಂಬರ್ ಕೊನೆಯಲ್ಲಿ ನಮ್ಮ ಸಿಂಧನೂರು ತಾಲ್ಲೂಕಿನ ಹೊಲವೊಂದಕ್ಕೆ ರೈತ ಸಂಘದವರು ನುಗ್ಗಿದರು. ಅಲ್ಲಿ ಪ್ರಯೋಗಕ್ಕೆಂದು ಬೆಳೆಸಿದ್ದ ಮಾನ್ಸಾಂಟೊ ಕಂಪನಿಯ ಬಿಟಿ ಹತ್ತಿ (ಕುಲಾಂತರಿ ಹತ್ತಿ) ಗಿಡಗಳನ್ನು ಕಿತ್ತು, ಗುಡ್ಡೆ ಹಾಕಿ, ಬೆಂಕಿ ಇಟ್ಟರು. ಎಂ.ಡಿ. ನಂಜುಂಡಸ್ವಾಮಿ ಮುಂದಾಳಾಗಿದ್ದ ಆ ಚಳವಳಿಯ ಇಂಗ್ಲಿಷ್ ಹೆಸರು ‘ಆಪರೇಷನ್ ಕ್ರಿಮೇಟ್ ಮಾನ್ಸಾಂಟೊ’. ಅದರ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇದೇ ಸಂಘದವರು 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಾರ್ಗಿಲ್ ಕಂಪನಿಯ ಬೀಜದ ಘಟಕ ಬೀಳಿಸಿದ ಕಥೆಗೆ ‘ಕೆಡವಿದರು’ ಅಂದರೆ ಮುಗಿಯಿತು. ಈ ‘ಕ್ರಿಮೇಟ್’ ಮಾತ್ರ ಬಗ್ಗುತ್ತಿಲ್ಲ.

‘ಸುಡಿ’ ಅಂದರೆ ಸಪ್ಪೆ. ಕಸ ಸುಡುತ್ತೇವೆ, ಬದನೆಕಾಯಿ ಸುಡುತ್ತೇವೆ. ಇಂಗ್ಲಿಷ್ ಪದದಲ್ಲಿ ಹೆಣದ ವಾಸನೆ ಇದೆ. ‘ದಹನ’ದಲ್ಲಿ ಕಾಮಣ್ಣನೂ ಇದ್ದಾನೆ, ಮಂತ್ರಿಗಳ ಪ್ರತಿಕೃತಿಯೂ ಇದೆ, ಆದರೆ ಅದು ಪೇಪರಿನ ಮಾತು. ‘ಅಂತ್ಯಸಂಸ್ಕಾರ’ ಅಂದರೆ ಕಂಪನಿಗೆ ಮರ್ಯಾದೆ ಜಾಸ್ತಿಯಾಯಿತು.

ನಮ್ಮ ಕಡೆ ಬಹಳ ಜನ ಸತ್ತವರನ್ನು ಹೂಳುತ್ತಾರೆ. ‘ಮಣ್ಣು ಮಾಡಿದರು’, ‘ಮಣ್ಣಿಗೆ ಹೋಗಿದ್ದೆ’ ಅನ್ನುವುದೇ ರೂಢಿ. (ಹೂಳುವ ಜಾಗಕ್ಕೂ ‘ಸುಡುಗಾಡು’ ಅನ್ನುತ್ತೇವೆ, ಅದು ಬೇರೆ ತಮಾಷೆ.) ಸರಿ, ‘ಮಾನ್ಸಾಂಟೊನ ಮಣ್ಣು ಮಾಡೋಣ’ ಅಂತ ಬರೆದೆ. ಕಿವಿಗೂ ಚೆನ್ನಾಗಿತ್ತು. ಪಕ್ಕದ ಮನೆಯ ಕಾಕಾಗೆ ಓದಿ ಹೇಳಿದೆ. ಹತ್ತಿ ಬೆಳೆದೇ ತಲೆ ಬೆಳ್ಳಗಾದ ಮನುಷ್ಯ, ನಕ್ಕುಬಿಟ್ಟರು.

“ಬೀಜಾನ ಮಣ್ಣಾಗ ಇಟ್ರ ಏನಾಗ್ತದ ತಮ್ಮಾ? ಮತ್ತ ಹುಟ್ತದ!”

ಹೌದಲ್ವಾ! ಹತ್ತಿಕಾಯಿ ತುಂಬ ಬೀಜ. ಹೂಳಿದರೆ ಅದು ಬಿತ್ತನೆಯಾಯಿತು. ಹೊಲದ ವಿಷಯದಲ್ಲಿ ಮಣ್ಣು ಮಾಡುವುದು ಅಂದರೆ ಕೊನೆ ಅಲ್ಲ, ಶುರು. ಬೆಂಕಿಯೇ ಬೇಕಿತ್ತು. ನಾನು ಅದನ್ನು ಬರೀ ಸಿಟ್ಟು ಅಂದುಕೊಂಡಿದ್ದೆ.

ಅಷ್ಟಾದರೂ 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು. ಸುಟ್ಟದ್ದೂ ಹುಟ್ಟಿತು. ಕಾಕಾ ಈಗ ಬಿತ್ತುವುದೂ ಅದನ್ನೇ, ಕೇಳಿದರೆ ಸುಮ್ನೆ ಬೇರೆ ಮಾತು ತೆಗೆಯುತ್ತಾರೆ.

ಸದ್ಯಕ್ಕೆ ‘ಸುಡುಗಾಡಿಗೆ ಕಳಿಸು’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಸಾವೂ ಇದೆ, ಸುಡುವುದೂ ಇದೆ, ನಮ್ಮ ಊರಿನ ಬೈಗುಳವೂ ಇದೆ. ಆದರೆ ಮೈಸೂರು, ಮಂಡ್ಯ ಕಡೆ ಓದುವವರಿಗೆ ಆ ಬೈಗುಳ ತಟ್ಟುತ್ತದಾ? ಇನ್ನೊಂದು: ಆಗ ಹಸಿರು ಟವೆಲ್ ಹಾಕಿಕೊಂಡು ಹೋದವರು, ಅಥವಾ ಅವರ ಮನೆಯವರು ಇಲ್ಲಿ ಇದ್ದರೆ, ಕರಪತ್ರದಲ್ಲಿ, ಕೂಗಿದ ಘೋಷಣೆಯಲ್ಲಿ ಯಾವ ಕನ್ನಡ ಪದ ಇತ್ತು ಅಂತ ದಯವಿಟ್ಟು ಬರೆಯಿರಿ.