ಹೆಗ್ರಾನಾ, ಪೆಟ್ರಾನಾ? ನೋಡಿ ಬಂದವರು ಹೇಳಿ

ರಿಯಾದ್ ಕನ್ನಡಿಗ: ಎರಡು ಸಾವಿರ ವರ್ಷ ಹಿಂದಿನ ಅರಬ್ ಜನ ನಬಾತಿಯನ್ನರು ಬಂಡೆಯಲ್ಲಿ ಕೊರೆದ ಗೋರಿಗಳನ್ನು ಅಮ್ಮನಿಗೆ ತೋರಿಸುವ ಆಸೆ. ಅಮ್ಮನಿಗೆ ಮಂಡಿನೋವು. ನನಗೆ ನಾಲ್ಕು ದಿನ ರಜೆ. ಇಲ್ಲೇ ಸೌದಿಯ ಅಲ್‌ಉಲಾದ ಹೆಗ್ರಾ ಒಳ್ಳೆಯದಾ, ಜೋರ್ಡನ್ನಿನ ಪೆಟ್ರಾ ಒಳ್ಳೆಯದಾ?

ಪಡುಬಿದ್ರಿಯವ, ಜೆದ್ದಾ: ಪೆಟ್ರಾ, ಎರಡು ಮಾತಿಲ್ಲ. ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ಅಕಬಾ ಕಡೆಯಿಂದ ಗಡಿ ದಾಟಿ ಅದೇ ದಿನ ಒಳಗೆ ಹೋದೆವು. ರಾತ್ರಿ ತಂಗದವರಿಗೆ ಟಿಕೆಟ್ 90 ದಿನಾರ್, ತಂಗಿದವರಿಗೆ 50. ಮೂರು ಜನಕ್ಕೆ 120 ದಿನಾರ್ ಸುಮ್ನೆ ಹೋಯಿತು! ಎರಡು ವರ್ಷ ಆಯಿತು, ಇನ್ನೂ ಹೊಟ್ಟೆ ಉರಿಯುತ್ತದೆ. ಬೆಟ್ಟದ ಮೇಲೆ ಬಂಡೆಯಲ್ಲಿ ಕೊರೆದ ಅದ್‌ದೇರ್ ಎಂಬ ಕಟ್ಟಡಕ್ಕೆ 800ಕ್ಕೂ ಜಾಸ್ತಿ ಮೆಟ್ಟಿಲು. ಅರ್ಧದಲ್ಲಿ ಚಪ್ಪಲಿ ಕಿತ್ತುಹೋಯಿತು, ಬರಿಗಾಲಲ್ಲೇ ಹತ್ತಿದೆ. ಸಿಕ್ ಕಣಿವೆಯಲ್ಲಿ 1.2 ಕಿ.ಮೀ. ನಡೆದು ಖಜ್ನೆ (ಟ್ರೆಷರಿ) ಎಂಬ ಆ ದೊಡ್ಡ ಕೆತ್ತನೆಯ ಮುಂಭಾಗ ಕಂಡಾಗ ನನ್ನ ಹೆಂಡತಿ ಅತ್ತೇ ಬಿಟ್ಟಳು. ಹೆಗ್ರಾದಲ್ಲಿ ಏನಿದೆ? ಎಲ್ಲ ಗೋರಿಯೂ ಒಂದೇ ಥರ.

ಭಟ್ಕಳದಾಕೆ, ಮದೀನಾ: ಒಂದೇ ಥರ ಅಂತೀರಲ್ಲ, ನೀವು ಹೋಗಿದ್ದೀರಾ? ದೊಡ್ಡ ಗೋರಿಗಳು 111, ಅದರಲ್ಲಿ 94ಕ್ಕೆ ಕೆತ್ತನೆ ಅಲಂಕಾರ ಇದೆ. ಕಸ್ರ್ ಅಲ್ ಫರೀದ್ ಎಂಬ ಗೋರಿಯ ಬುಡ ಇನ್ನೂ ಒರಟು ಕಲ್ಲು, ಕೆಲಸ ಮುಗಿದಿಲ್ಲ. ಮೇಲಿನಿಂದ ಕೆಳಗೆ ಕೊರೆಯುತ್ತಿದ್ದರು ಅನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ನನ್ನ ಕಥೆ ಕೇಳಿ. ಸ್ವಂತ ಕಾರು ಒಳಗೆ ಬಿಡುವುದಿಲ್ಲ, ಅವರ ಗಾಡಿಯಲ್ಲೇ ಹೋಗಬೇಕು. ಅಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ಕಾರಿನ ಟೈರ್ ಪಂಕ್ಚರ್ ಆಗಿ 20 ನಿಮಿಷ ತಡವಾಯಿತು. ಬಸ್ಸು ಹೋಗಿತ್ತು. ಐದು ಟಿಕೆಟ್ ದುಡ್ಡು ವಾಪಸ್ ಬರಲಿಲ್ಲ. ಮಾರನೇ ದಿನಕ್ಕೆ ಮತ್ತೆ ಐದು ಟಿಕೆಟ್, ಮೇಲೆ ಹೋಟೆಲ್ ಬಾಡಿಗೆ ಬೇರೆ. ಆದರೂ ಬೇಸರವಿಲ್ಲ. ಕಮ್ಕಮ್ ಎಂಬ ಹೆಂಗಸು ಮಗಳು ಕುಲೈಬಾ ಜೊತೆ ಸೇರಿ ಮಾಡಿಸಿದ ಗೋರಿ ಅಲ್ಲಿದೆ. ಬರಹದಲ್ಲಿ ಅವಳ ಅಮ್ಮನ ಹೆಸರು, ಅಜ್ಜಿಯ ಹೆಸರು. ಗೋರಿ ಮಾರಿದವರಿಗೆ ಶಾಪ. ನನ್ನ ಮಗಳ ಕೈ ಹಿಡಿದು ಅದನ್ನು ಕೇಳಿಸಿಕೊಂಡೆ. ಬಾಗಿಲ ಮೇಲೆ ಇಷ್ಟು ಬರಹ ಪೆಟ್ರಾದಲ್ಲಿ ಇಲ್ಲ.

ಉಳ್ಳಾಲದವರು, ದಮ್ಮಾಮ್: ಅಕ್ಕಾ, ಅದು ಗೋರಿಯಲ್ಲ, ಕುರಾನಿನಲ್ಲಿ ಬರುವ ಸಮೂದ್ ಜನರ ಮನೆ. ಅಲ್ಲಿ ಅವರ ಮೇಲೆ ದೇವರ ಶಿಕ್ಷೆ ಇಳಿದಿತ್ತು. ನಮ್ಮ ತಂದೆ ಬಸ್ಸಿನಿಂದ ಇಳಿಯಲೇ ಇಲ್ಲ. ಆ ಜಾಗಕ್ಕೆ ಪಿಕ್ನಿಕ್ ಥರ ಹೋಗಬಾರದು.

ಭಟ್ಕಳದಾಕೆ, ಮದೀನಾ: ಪಿಕ್ನಿಕ್ ಅಂದವರು ಯಾರು? ನಿಮ್ಮ ತಂದೆಯವರ ನಂಬಿಕೆ ದೊಡ್ಡದು, ನನಗೂ ಆ ಭಯ ಇದೆ. ಆದರೆ ಕಮ್ಕಮ್ ಬರಹದಲ್ಲೇ ನಬಾತಿಯನ್ನರ ರಾಜ ಹಾರಿತನ ಆಳ್ವಿಕೆಯ 9ನೇ ವರ್ಷ ಅಂತ ಕೆತ್ತಿದ್ದಾರೆ. ‘ಗೋರಿ’ ಅಂತಲೇ ಬರೆದಿದ್ದಾರೆ. ಹೆಣ ಇಡುವ ಗೂಡುಗಳೂ ಒಳಗಿವೆ.

ಪಡುಬಿದ್ರಿಯವ, ಜೆದ್ದಾ: ಬರಹ ಓದಲು ಯಾರು ಅಷ್ಟು ದೂರ ಹೋಗುತ್ತಾರೆ? ಖಜ್ನೆ ಸುಮಾರು 40 ಮೀಟರ್ ಎತ್ತರ ಇದೆ!

ರಿಯಾದ್ ಕನ್ನಡಿಗ: ಜಗಳ ಬೇಡ. ಅಮ್ಮನ ಮಂಡಿ?

ಭಟ್ಕಳದಾಕೆ, ಮದೀನಾ: ಹೆಗ್ರಾಗೇ ಕರೆದುಕೊಂಡು ಹೋಗಿ ತಮ್ಮಾ. ಬಸ್ಸು ಗೋರಿಗಳ ಹತ್ತಿರವೇ ನಿಲ್ಲುತ್ತದೆ. ಕೆಳಗೆ ಮರಳು, ಅಮ್ಮನಿಗೆ ಶೂ ಹಾಕಿಸಿ. ಕಮ್ಕಮ್ ಗೋರಿ ತೋರಿಸುತ್ತಾರಾ ಅಂತ ಟಿಕೆಟ್ ತಗೊಳ್ಳುವ ಮೊದಲೇ ಕೇಳಿ.